ಗಿಡವಾಗಿರುವಾಗಲೇ ಬಗ್ಗಿಸಿ: ಫ್ರೀಲಾನ್ಸ್ ಇಲಸ್ಟ್ರೇಟರ್ ಕೆಲಸ, ಮೊದಲ ಗೀಟಿನಿಂದ ಕೊನೆಯ ಫೈಲ್‌ವರೆಗೆ

ನಾನು ಚಿತ್ರ ಬಿಡಿಸಿದ ಮೊದಲ ಮಕ್ಕಳ ಪುಸ್ತಕ ಅಚ್ಚಾಗಿ ಕೈಗೆ ಬಂದ ದಿನ ಇನ್ನೂ ಕಣ್ಣ ಮುಂದಿದೆ. ಖುಷಿಯಿಂದ ಪುಟ ತಿರುವುತ್ತಾ ಹೋದೆ. ನಡುವಿನ ಒಂದು ಚಿತ್ರದಲ್ಲಿ ಹುಡುಗಿಯ ಮುಖ ಅರ್ಧಕ್ಕೆ ಮಡಚಿ ಹೋಗಿತ್ತು. ಎರಡು ಪುಟ ಸೇರುವ ಹೊಲಿಗೆಯೊಳಗೆ ಅವಳ ಮೂಗು, ಒಂದು ಕಣ್ಣು ಮುಳುಗಿದ್ದವು. ಆ ಚಿತ್ರಕ್ಕೆ 9 ದಿನ ಕೂತಿದ್ದೆ. ಜಡೆಯ ಎಳೆ ಎಳೆಯನ್ನೂ ಬಿಡಿಸಿದ್ದೆ. ಆದರೆ ತಪ್ಪು ನಡೆದಿದ್ದು ಅದಕ್ಕೂ ಮುಂಚೆ, ಬೆಂಕಿಪೊಟ್ಟಣದಷ್ಟು ಚಿಕ್ಕ ಕರಡು ಗೀಚುವಾಗ. ಆಗ ನಡುವೆ ಒಂದು ಉದ್ದ ಗೆರೆ ಎಳೆದುಕೊಂಡಿದ್ದರೆ ಸಾಕಿತ್ತು.

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಅಂತಾರಲ್ಲ, ಫ್ರೀಲಾನ್ಸ್ ಇಲಸ್ಟ್ರೇಟರ್ ಕೆಲಸಕ್ಕೆ, ಅಂದರೆ ಯಾರ ನೌಕರಿಯಲ್ಲೂ ಇಲ್ಲದೆ ಪುಸ್ತಕ, ಲೇಖನಗಳಿಗೆ ಚಿತ್ರ ಬಿಡಿಸುವ ಕೆಲಸಕ್ಕೆ, ಅದಕ್ಕಿಂತ ಸರಿಯಾದ ಮಾತು ನನಗೆ ಸಿಕ್ಕಿಲ್ಲ. ಕರಡನ್ನು ಎರಡು ನಿಮಿಷದಲ್ಲಿ ಬದಲಾಯಿಸಬಹುದು. ಬಣ್ಣ ಹಾಕಿ ಮುಗಿಸಿದ್ದನ್ನು ಬದಲಾಯಿಸಲು ಎರಡು ದಿನ ಬೇಕು. ಅಚ್ಚಾದದ್ದನ್ನು ಬದಲಾಯಿಸಲು ಆಗುವುದೇ ಇಲ್ಲ. ಹಣದ ಮಾತೂ ಹೀಗೇ, ಹಕ್ಕಿನ ಮಾತೂ ಹೀಗೇ. ಕೆಳಗಿನ ಪ್ರತಿ ಹಂತದಲ್ಲೂ ನಾನು ಕೇಳುವುದು ಒಂದೇ ಪ್ರಶ್ನೆ: ಇಲ್ಲಿ ಏನನ್ನು ಈಗಲೇ ತೀರ್ಮಾನ ಮಾಡಿದರೆ ಮುಂದೆ ಅಳು ತಪ್ಪುತ್ತದೆ?

1. ಶೈಲಿಯ ಚಿಂತೆ ಬದಿಗಿಟ್ಟು ಕೈ ಪಳಗಿಸಿ

ಹೊಸಬರು ಮೊದಲು ಕೇಳುವುದು ಇದನ್ನೇ: ನನ್ನ ಶೈಲಿ ಯಾವುದು? ಆ ಪ್ರಶ್ನೆ ಹಿಡಿದು ವರ್ಷಗಟ್ಟಲೆ ಕೂತವರನ್ನು ನೋಡಿದ್ದೇನೆ. ಶೈಲಿ ಎಂದರೆ ನೀವು ಮತ್ತೆ ಮತ್ತೆ ಮಾಡುವ ಸಣ್ಣ ತೀರ್ಮಾನಗಳ ಗುಂಪು. ಗೆರೆ ಎಲ್ಲಿ ನಿಲ್ಲಿಸುತ್ತೀರಿ, ಬೆರಳುಗಳನ್ನು ಎಣಿಸಿ ಬರೆಯುತ್ತೀರಾ ಅಥವಾ ಒಂದೇ ಆಕಾರ ಮಾಡುತ್ತೀರಾ, ನೆರಳಿಗೆ ಕಪ್ಪು ಬಳಸುತ್ತೀರಾ ಬಣ್ಣ ಬಳಸುತ್ತೀರಾ. 200 ಚಿತ್ರ ಮುಗಿದ ಮೇಲೆ ಅದು ಬೇರೆಯವರಿಗೆ ಕಾಣುತ್ತದೆ. ನಿಮಗೆ ಕಾಣುವುದು ಇನ್ನೂ ತಡವಾಗಿ.

ಹಾಗಾದರೆ ಅಭ್ಯಾಸ ಹೇಗೆ? ಎರಡು ಕೆಲಸ ಹೇಳುತ್ತೇನೆ. ಮೊದಲನೆಯದು, ದಿನಕ್ಕೆ ಅರ್ಧ ಗಂಟೆ ಎದುರಿಗಿರುವುದನ್ನು ನೋಡಿ ಬಿಡಿಸಿ, ಸಂಜೆ ಅದನ್ನೇ ನೋಡದೆ ಇನ್ನೊಮ್ಮೆ ಬಿಡಿಸಿ. ಬೆಳಿಗ್ಗೆ ಕುರ್ಚಿ ಬಿಡಿಸಿದ್ದರೆ ಸಂಜೆ ನೆನಪಿನ ಕುರ್ಚಿ. ಎರಡನ್ನೂ ಪಕ್ಕಪಕ್ಕ ಇಟ್ಟರೆ ನಿಮಗೆ ಏನು ಗೊತ್ತಿಲ್ಲ ಅನ್ನುವುದು ತಕ್ಷಣ ತಿಳಿಯುತ್ತದೆ. ಇಲಸ್ಟ್ರೇಟರ್ ಬದುಕುವುದು ನೆನಪಿನ ಕುರ್ಚಿಯಿಂದಲೇ. ಯಾಕೆಂದರೆ ಕಥೆಯಲ್ಲಿರುವ ಕುರ್ಚಿ ಯಾವತ್ತೂ ಎದುರಿಗೆ ಇರುವುದಿಲ್ಲ.

ಎರಡನೆಯದು, ನಿಮಗೆ ತುಂಬಾ ಇಷ್ಟವಾದ 5 ಚಿತ್ರಕಾರರ ಒಂದೊಂದು ಚಿತ್ರವನ್ನು ನಕಲು ಮಾಡಿ. ಕಲಿಯಲು ಮಾತ್ರ, ಎಲ್ಲೂ ಹಾಕಲು ಅಲ್ಲ. ನಕಲು ಮುಗಿದ ಮೇಲೆ ಪಕ್ಕದಲ್ಲಿ ಬರೆಯಿರಿ: ಇವರು ಏನನ್ನು ಬಿಟ್ಟಿದ್ದಾರೆ? ಬಿಡಿಸಿದ್ದು ಎಲ್ಲರಿಗೂ ಕಾಣುತ್ತದೆ, ಬಿಟ್ಟಿದ್ದನ್ನು ಹುಡುಕಬೇಕು. ಹಿನ್ನೆಲೆಯೇ ಇಲ್ಲದ ಕೋಣೆ, ನೆಲದ ಗೆರೆ ಇಲ್ಲದೆ ಬರೀ ನೆರಳಿನ ಮೇಲೆ ನಿಂತ ಮನುಷ್ಯ, ಹೀಗೆ. ಈ ಪಟ್ಟಿ ನನ್ನ ಹತ್ತಿರ ಈಗಲೂ ಇದೆ. ಸಿಕ್ಕಿಹಾಕಿಕೊಂಡಾಗ ತೆಗೆದು ಓದುತ್ತೇನೆ.

2. ಪೋರ್ಟ್‌ಫೋಲಿಯೊ: ಸಿಗಬೇಕಾದ ಕೆಲಸವನ್ನು ಮೊದಲೇ ಮಾಡಿ ತೋರಿಸಿ

ಪೋರ್ಟ್‌ಫೋಲಿಯೊ ಅಂದರೆ ಕೆಲಸ ಕೊಡುವವರಿಗೆ ತೋರಿಸುವ ನಿಮ್ಮ ಚಿತ್ರಗಳ ಸಂಗ್ರಹ. 12ರಿಂದ 15 ಚಿತ್ರ ಸಾಕು. ಜಾಸ್ತಿ ಹಾಕಿದರೆ ನೋಡುವವರು ನಿಮ್ಮನ್ನು ಅಳೆಯುವುದು ಅದರಲ್ಲಿ ಅತಿ ಸೋತ ಚಿತ್ರದಿಂದ. ಮಕ್ಕಳ ಪುಸ್ತಕದ ಕೆಲಸ ಬೇಕಾದರೆ ಮಕ್ಕಳ ಪುಸ್ತಕದ ಪುಟಗಳಿರಬೇಕು. ಲೇಖನಗಳಿಗೆ ಬಿಡಿಸುವ ಆಸೆಯಿದ್ದರೆ ಲೇಖನದ ಚಿತ್ರಗಳಿರಬೇಕು. ಯಾರೂ ಕೆಲಸ ಕೊಟ್ಟಿಲ್ಲವಲ್ಲ ಅನ್ನಬೇಡಿ. ಒಂದು ಲೇಖನ ಆರಿಸಿ, ಅಳತೆ ನಿಗದಿ ಮಾಡಿ, 3 ದಿನದ ಗಡುವು ಹಾಕಿಕೊಂಡು ಬಿಡಿಸಿ. ಗಡುವು ಮುಖ್ಯ. 3 ತಿಂಗಳು ತಿದ್ದಿದ ಚಿತ್ರ ತೋರಿಸಿ ಕೆಲಸ ಪಡೆದರೆ, ಆ ಮಟ್ಟವನ್ನು 3 ದಿನದಲ್ಲಿ ಕೊಡಲು ಆಗದೆ ಒದ್ದಾಡುತ್ತೀರಿ.

ಪುಸ್ತಕದ ಸಂಪಾದಕರು ನೋಡುವುದು ಇನ್ನೊಂದನ್ನು: ಒಂದೇ ಪಾತ್ರ ಬೇರೆ ಬೇರೆ ಸಂದರ್ಭದಲ್ಲಿ ಅದೇ ಪಾತ್ರವಾಗಿ ಉಳಿಯುತ್ತದೆಯೇ? ಇಟಲಿಯ ಬೊಲೊನ್ಯಾದಲ್ಲಿ ಪ್ರತಿ ವರ್ಷ ನಡೆಯುವ ಮಕ್ಕಳ ಪುಸ್ತಕ ಮೇಳದ ಚಿತ್ರಕಾರರ ಪ್ರದರ್ಶನಕ್ಕೆ ಒಂದೇ ಚಿತ್ರ ಕಳಿಸಿದರೆ ಆಗುವುದಿಲ್ಲ, 5 ಚಿತ್ರ ಕೇಳುತ್ತಾರೆ. ಒಂದು ಒಳ್ಳೆಯ ಚಿತ್ರ ಅದೃಷ್ಟದಿಂದಲೂ ಬರಬಹುದು. ಐದರಲ್ಲಿ ಆ ಹುಡುಗನೇ ಓಡಿ, ಅತ್ತು, ಮಲಗಿ, ಬೆನ್ನು ತಿರುಗಿಸಿ ನಿಂತರೂ ಗುರುತು ಸಿಕ್ಕರೆ ಅದು ನಿಮ್ಮ ಹಿಡಿತ. ಹಾಗಾಗಿ ಪೋರ್ಟ್‌ಫೋಲಿಯೊದಲ್ಲಿ ಕನಿಷ್ಠ ಒಂದು ಸರಣಿ ಇರಲಿ. ಒಂದೆರಡು ಚಿತ್ರಗಳ ಪಕ್ಕದಲ್ಲಿ ಅದರ ಕರಡನ್ನೂ ಇಡಿ. ಕೆಲಸ ಕೊಡುವವರಿಗೆ ನಿಮ್ಮ ಯೋಚನೆಯ ದಾರಿ ಕಂಡರೆ ಧೈರ್ಯ ಬರುತ್ತದೆ.

3. ಪರಿಚಯ ಮಾಡಿಕೊಳ್ಳಿ

ಇದು ಚಿಕ್ಕ ಹಂತ, ಆದರೆ ನಿಲ್ಲಿಸುವ ಹಾಗಿಲ್ಲ. ಯಾರಿಗೆ ಬರೆಯುತ್ತಿದ್ದೀರೋ ಅವರು ಪ್ರಕಟಿಸಿದ್ದನ್ನು ಮೊದಲು ನೋಡಿ. ಅಲ್ಲಿ ಚಿತ್ರಗಳ ಹೊಣೆ ಹೊತ್ತ ಆರ್ಟ್ ಡೈರೆಕ್ಟರ್ ಹೆಸರು ಹುಡುಕಿ, ಅವರಿಗೇ ಬರೆಯಿರಿ. ನಾಲ್ಕೈದು ಸಾಲು, ಒಂದೆರಡು ಚಿಕ್ಕ ಚಿತ್ರ, ಪೋರ್ಟ್‌ಫೋಲಿಯೊ ಕೊಂಡಿ. ಅಷ್ಟೇ. ಯಾರಿಗೆ, ಯಾವತ್ತು, ಯಾವ ಚಿತ್ರ ಕಳಿಸಿದೆ ಅಂತ ಒಂದು ಪಟ್ಟಿ ಇಡಿ. ಉತ್ತರ ಬರದಿದ್ದರೆ ಬೇಸರ ಬೇಡ. ನಾಲ್ಕಾರು ತಿಂಗಳ ನಂತರ ಹೊಸ ಚಿತ್ರದೊಂದಿಗೆ ಮತ್ತೆ ಬರೆಯಿರಿ. ಅವರಿಗೆ ನಿಮ್ಮಂಥ ಚಿತ್ರ ಬೇಕಾದ ವಾರ ಯಾವುದು ಅಂತ ಮುಂಚೆ ಹೇಳಲು ಬರುವುದಿಲ್ಲ. ಆ ವಾರ ನಿಮ್ಮ ಹೆಸರು ನೆನಪಿನಲ್ಲಿರಬೇಕು.

4. ಬ್ರೀಫ್ ಮತ್ತು ಒಪ್ಪಂದ: ಪೆನ್ಸಿಲ್ ಹಿಡಿಯುವ ಮೊದಲು

ಇಲ್ಲಿಂದ ಒಂದು ಉದಾಹರಣೆ ಹಿಡಿದುಕೊಳ್ಳೋಣ. ನಿದ್ದೆ ಬಾರದಿರುವ ಸಮಸ್ಯೆಯ ಬಗ್ಗೆ ಒಂದು ಪತ್ರಿಕೆಯ ಲೇಖನ. ಪೂರ್ತಿ ಪುಟದ ಚಿತ್ರ ಬೇಕು ಅಂತ ಮೇಲ್ ಬಂದಿದೆ. ಹೀಗೆ ಬರುವ ಕೆಲಸದ ವಿವರಕ್ಕೇ ಬ್ರೀಫ್ ಅನ್ನುವುದು. ಖುಷಿಗೆ ತಕ್ಷಣ ಒಪ್ಪಿಕೊಂಡುಬಿಡಬೇಡಿ. ಮೊದಲು ಇಷ್ಟು ಕೇಳಿ.

ಪುಟದ ಅಳತೆ ಎಷ್ಟು? ತಲೆಬರಹ ಚಿತ್ರದ ಮೇಲೆ ಬರುತ್ತದೆಯೇ, ಬಂದರೆ ಎಲ್ಲಿ? ಮುದ್ರಣಕ್ಕೆ ಮಾತ್ರವೇ ಅಥವಾ ಫೋನ್, ಕಂಪ್ಯೂಟರ್ ಪರದೆಗೂ ಬೇಕೇ? ಕರಡು ಯಾವಾಗ ಬೇಕು, ಫೈನಲ್ ಯಾವಾಗ ಬೇಕು? ಒಪ್ಪಿಗೆ ಕೊಡುವವರು ಯಾರು? ಈ ಕೊನೆಯ ಪ್ರಶ್ನೆಯನ್ನು ನಾನು ಬಹಳ ಕಾಲ ಕೇಳುತ್ತಿರಲಿಲ್ಲ. ಒಮ್ಮೆ ನನ್ನ ಜೊತೆ ಮಾತಾಡುತ್ತಿದ್ದವರು ಎಲ್ಲ ಹಂತದಲ್ಲೂ ಚೆನ್ನಾಗಿದೆ ಎಂದರು. ಫೈನಲ್ ಕಳಿಸಿದ ಮೇಲೆ, ಅದುವರೆಗೆ ಒಂದು ಕರಡನ್ನೂ ನೋಡಿರದ ಇನ್ನೊಬ್ಬರು ಬಂದು ಕಲ್ಪನೆಯೇ ಬೇಡ ಎಂದರು. ಈಗ ಮೊದಲೇ ಕೇಳುತ್ತೇನೆ: ಕೊನೆಯ ಮಾತು ಯಾರದ್ದು? ಅವರು ಕರಡನ್ನು ನೋಡುತ್ತಾರಾ?

ಇನ್ನು ಹಕ್ಕು. 1886ರ ಬರ್ನ್ ಒಪ್ಪಂದಕ್ಕೆ ಸೇರಿದ ದೇಶಗಳಲ್ಲಿ, ಅಂದರೆ ಪ್ರಪಂಚದ ಬಹುಪಾಲು ದೇಶಗಳಲ್ಲಿ, ಚಿತ್ರ ಬಿಡಿಸಿದ ಗಳಿಗೆಯಿಂದಲೇ ಅದಕ್ಕೆ ಹಕ್ಕುಸ್ವಾಮ್ಯದ ರಕ್ಷಣೆ ಇರುತ್ತದೆ. ಅದಕ್ಕಾಗಿ ನೋಂದಣಿ ಮಾಡಿಸಬೇಕಿಲ್ಲ. ಫ್ರೀಲಾನ್ಸ್ ಚಿತ್ರಕಾರರು ಸಾಮಾನ್ಯವಾಗಿ ಮಾರುವುದು ಚಿತ್ರವನ್ನಲ್ಲ, ಅದನ್ನು ಬಳಸುವ ಅನುಮತಿಯನ್ನು. ಅದನ್ನೇ ಲೈಸೆನ್ಸ್ ಅನ್ನುವುದು. ಅದರಲ್ಲಿ ನಾಲ್ಕು ವಿಷಯ ಸ್ಪಷ್ಟವಾಗಿರಬೇಕು: ಎಲ್ಲಿ ಬಳಸುತ್ತಾರೆ, ಯಾವ ದೇಶ ಅಥವಾ ಭಾಷೆಯಲ್ಲಿ, ಎಷ್ಟು ಕಾಲ, ಆ ಕಾಲದಲ್ಲಿ ನೀವು ಅದನ್ನು ಬೇರೆಯವರಿಗೂ ಕೊಡಬಹುದೇ ಇಲ್ಲವೇ. ಒಂದು ಸಂಚಿಕೆಯಲ್ಲಿ ಒಂದು ಸಲ ಬಳಸುವುದು ಬೇರೆ. ಅದೇ ಚಿತ್ರವನ್ನು ಚೀಲ, ಲೋಟ, ಜಾಹೀರಾತಿನ ಮೇಲೆ ಎಂದೆಂದಿಗೂ ಬಳಸುವುದು ಬೇರೆ. ಎರಡಕ್ಕೂ ಒಂದೇ ಬೆಲೆ ಇರಲು ಹೇಗೆ ಸಾಧ್ಯ ಅಲ್ವಾ? ಒಪ್ಪಂದದಲ್ಲಿ ‘ಎಲ್ಲ ಹಕ್ಕುಗಳ ವರ್ಗಾವಣೆ’ ಅಂತ ಇದ್ದರೆ ನಿಂತು ಓದಿ. ಅವರಿಗೆ ನಿಜಕ್ಕೂ ಅಷ್ಟು ಬೇಕೇ ಅಂತ ಕೇಳಿ. ಎಷ್ಟೋ ಸಲ ಅದು ಹಳೇ ನಮೂನೆಯಿಂದ ಬಂದ ಸಾಲು, ಕೇಳಿದರೆ ತೆಗೆಯುತ್ತಾರೆ. ನಿಮ್ಮ ಚಿತ್ರವನ್ನು ಎಐ (ಕೃತಕ ಬುದ್ಧಿಮತ್ತೆ) ತರಬೇತಿಗೆ ಬಳಸುವ ವಿಷಯ ಇದೆಯಾ ಅಂತಲೂ ನೋಡಿ. ಬೇಡವಾದರೆ ಬೇಡ ಅಂತ ಬರೆಸಿ.

ಹಣದ ಲೆಕ್ಕಕ್ಕೆ ಒಂದು ಸರಳ ದಾರಿ ಇದೆ. ವರ್ಷದಲ್ಲಿ 365 ದಿನ. ಶನಿವಾರ, ಭಾನುವಾರ 104 ತೆಗೆಯಿರಿ. ರಜೆ, ಕಾಯಿಲೆಗೆ 30 ತೆಗೆಯಿರಿ. ಉಳಿಯುವುದು 231. ವಾರದ 5 ದಿನಗಳಲ್ಲಿ 2 ದಿನ ಮೇಲ್, ಲೆಕ್ಕಪತ್ರ, ಕೆಲಸ ಹುಡುಕುವುದು, ಅಭ್ಯಾಸ, ಇವಕ್ಕೇ ಹೋಗುತ್ತವೆ ಅಂದುಕೊಂಡರೆ ಹಣ ತರುವ ದಿನಗಳು ಸುಮಾರು 138 ಮಾತ್ರ. ನಿಮ್ಮ ವರ್ಷದ ಜೀವನದ ಖರ್ಚು, ಸಾಮಗ್ರಿ, ತೆರಿಗೆ, ಉಳಿತಾಯ ಎಲ್ಲ ಕೂಡಿಸಿ 138ರಿಂದ ಭಾಗಿಸಿ. ಬಂದ ಅಂಕಿ ನಿಮ್ಮ ಒಂದು ದಿನದ ಕನಿಷ್ಠ ಬೆಲೆ. ಕೆಲಸಕ್ಕೆ ಎಷ್ಟು ದಿನ ಬೇಕೋ ಅಷ್ಟರಿಂದ ಗುಣಿಸಿ, ಬಳಕೆ ದೊಡ್ಡದಾದರೆ ಅದರ ಮೇಲೆ ಸೇರಿಸಿ. ಈ ಲೆಕ್ಕ ಮಾಡದವರು 231 ದಿನವೂ ಸಂಪಾದನೆ ಇದೆ ಅಂದುಕೊಂಡು ಬೆಲೆ ಹೇಳುತ್ತಾರೆ. ಕೆಲಸ ಕೈತುಂಬ ಇದ್ದರೂ ಕೈಯಲ್ಲಿ ಕಾಸಿರುವುದಿಲ್ಲ.

ಬರವಣಿಗೆಯಲ್ಲಿ ಇನ್ನು ಮೂರು ಸಾಲು ಇರಲಿ. ಕೆಲಸ ಶುರುವಾಗುವ ಮೊದಲು ಮುಂಗಡ ಎಷ್ಟು. ಎಷ್ಟು ಸುತ್ತು ತಿದ್ದುಪಡಿ ಸೇರಿದೆ (ನಾನು ಕರಡಿನಲ್ಲಿ ಎರಡು, ಫೈನಲ್‌ನಲ್ಲಿ ಒಂದು ಚಿಕ್ಕದು ಅಂತ ಬರೆಯುತ್ತೇನೆ). ನಡುವೆ ಅವರೇ ಕೆಲಸ ನಿಲ್ಲಿಸಿದರೆ ಎಷ್ಟು ಕೊಡಬೇಕು, ಅಂದರೆ ಕಿಲ್ ಫೀ. ಇದನ್ನೆಲ್ಲ ಕೇಳಲು ಮೊದಮೊದಲು ಸಂಕೋಚ ಆಗುತ್ತದೆ. ಆದರೆ ಕೆಲಸ ಶುರುವಾಗುವ ಮುಂಚೆ ಇದು ಎರಡು ಮೇಲ್‌ಗಳ ಮಾತು. ಆಮೇಲೆ ಇದೇ ಜಗಳ.

5. ಥಂಬ್‌ನೇಲ್: ನಿಜವಾದ ಚಿತ್ರ ಹುಟ್ಟುವ ಜಾಗ

ಲೇಖನವನ್ನು ಮೂರು ಸಲ ಓದಿ. ಮೊದಲ ಸಲ ಸುಮ್ನೆ ಓದಿ. ಎರಡನೇ ಸಲ ಕಣ್ಣಿಗೆ ಕಾಣುವ ಪದಗಳಿಗೆ ಗೆರೆ ಹಾಕಿ. ಮೂರನೇ ಸಲ ಓದಿದ ಮೇಲೆ ಲೇಖನದ ಮಾತನ್ನು ಒಂದೇ ವಾಕ್ಯದಲ್ಲಿ ಬರೆಯಿರಿ. ನಮ್ಮ ಉದಾಹರಣೆಯಲ್ಲಿ ಆ ವಾಕ್ಯ: ‘ನಿದ್ದೆ ಬರಲಿ ಅಂತ ಪ್ರಯತ್ನ ಪಟ್ಟಷ್ಟೂ ನಿದ್ದೆ ದೂರ ಹೋಗುತ್ತದೆ.’ ಈ ವಾಕ್ಯ ಸಿಗದೆ ಗೀಚಲು ಕೂತರೆ ಬರುವುದು ಲೇಖನದ ಚಿತ್ರವಲ್ಲ, ಲೇಖನದ ವಿಷಯದ ಚಿತ್ರ.

ಈಗ ಹಾಳೆಯ ಮೇಲೆ 20 ಪುಟ್ಟ ಚೌಕ ಹಾಕಿ. ಇವುಗಳೊಳಗೆ ಗೀಚುವ ಪುಟ್ಟ ಕರಡೇ ಥಂಬ್‌ನೇಲ್. ಒಂದೊಂದೂ 3–4 ಸೆಂಟಿಮೀಟರ್ ಎತ್ತರ. ಪುಟದ ಅಗಲ–ಎತ್ತರದ ಅನುಪಾತ ಸರಿಯಾಗಿರಲಿ. ತಲೆಬರಹದ ಜಾಗವನ್ನು ಮೊದಲೇ ಗುರುತು ಮಾಡಿ. ಜೋಡಿಪುಟವಾದರೆ ನಡುವಿನ ಗೆರೆ ಎಳೆಯಿರಿ, ಮರೆಯಬೇಡಿ. ಗಡಿಯಾರ ನೋಡಿ ಅರ್ಧ ಗಂಟೆಯಲ್ಲಿ 20 ತುಂಬಿಸಿ. ದಪ್ಪ ಪೆನ್ ಬಳಸಿ, ಆಗ ವಿವರ ಬಿಡಿಸಲು ಆಗುವುದೇ ಇಲ್ಲ. ಅದೇ ಬೇಕಾಗಿರುವುದು.

ಮೊದಲ ಐದಾರು ಚೌಕಗಳಲ್ಲಿ ಬರುವುದು ಎಲ್ಲರ ತಲೆಗೂ ಹೊಳೆಯುವ ಚಿತ್ರ. ಚಂದ್ರ, ಎಣಿಸುವ ಕುರಿ, ಅಗಲ ತೆರೆದ ಕಣ್ಣು. ಅವನ್ನು ತಡೆಯಬೇಡಿ, ಹೊರಗೆ ಹಾಕಿ ದಾರಿ ಮಾಡಿಕೊಳ್ಳಿ. ಆಮೇಲೆ ಕೈ ನಿಲ್ಲುತ್ತದೆ. ಅಲ್ಲಿ ಬಿಟ್ಟು ಏಳುವವರೇ ಜಾಸ್ತಿ, ಆದರೆ ಏಳಬಾರದು. ಎರಡು ಪಟ್ಟಿ ಬರೆಯಿರಿ. ಒಂದರಲ್ಲಿ ಮಲಗುವುದಕ್ಕೆ ಸಂಬಂಧಿಸಿದ ವಸ್ತುಗಳು: ದಿಂಬು, ಹೊದಿಕೆ, ಸುಕ್ಕು, ದೀಪದ ಸ್ವಿಚ್. ಇನ್ನೊಂದರಲ್ಲಿ ಸಿಗದೆ ದೂರ ಹೋಗುವ ವಸ್ತುಗಳು: ದಿಗಂತ, ಬೆಟ್ಟ, ಬಸ್ಸು, ಪತಂಗ, ತೇಲುವ ದೋಣಿ. ಈಗ ಅಡ್ಡಡ್ಡ ಜೋಡಿಸಿ ನೋಡಿ. ಸುಕ್ಕು ಮತ್ತು ಬೆಟ್ಟ ಸೇರಿದಾಗ ನನಗೆ ಒಂದು ಚಿತ್ರ ಸಿಕ್ಕಿತು. ಹೊದಿಕೆಯ ಸುಕ್ಕುಗಳೇ ಬೆಟ್ಟಸಾಲು, ಅದರ ಮೇಲೆ ಟಾರ್ಚ್ ಹಿಡಿದು ನಡೆಯುತ್ತಿರುವ ಪುಟ್ಟ ಮನುಷ್ಯ, ತುಂಬಾ ದೂರದಲ್ಲಿ ದಿಂಬು. ದಿಂಬು ಮತ್ತು ದೋಣಿ ಸೇರಿದಾಗ ಇನ್ನೊಂದು: ಕತ್ತಲ ನೀರಿನ ಮೇಲೆ ದಿಂಬಿನಲ್ಲಿ ಕೂತು ಹುಟ್ಟು ಹಾಕುತ್ತಿರುವ ಹೆಂಗಸು.

20ರಲ್ಲಿ 3 ಆರಿಸಿ, ಸ್ವಲ್ಪ ದೊಡ್ಡದಾಗಿ ಬಿಡಿಸಿ ಕಳಿಸಿ. ಮೂರೂ ಬೇರೆ ಬೇರೆ ಕಲ್ಪನೆಗಳಾಗಿರಲಿ. ಒಂದೇ ಕಲ್ಪನೆಯ ಮೂರು ಕೋನ ಬೇಡ. ಇನ್ನೊಂದು ನಿಯಮವನ್ನು ಗಟ್ಟಿಯಾಗಿ ಹಿಡಿಯಿರಿ: ನಿಮಗೆ ಬಿಡಿಸಲು ಇಷ್ಟವಿಲ್ಲದ ಕರಡನ್ನು ಲೆಕ್ಕ ತುಂಬಿಸಲು ಕಳಿಸಬೇಡಿ. ಅವರು ಆರಿಸುವುದು ಅದನ್ನೇ ಆಗಬಹುದು. ನನಗೆ ಎರಡು ಸಲ ಹಾಗಾಗಿದೆ.

6. ರಫ್, ರೆಫರೆನ್ಸ್ ಮತ್ತು ಬೆಳಕು–ಕತ್ತಲೆಯ ಲೆಕ್ಕ

ಬೆಟ್ಟದ ಕರಡು ಒಪ್ಪಿಗೆ ಆಯಿತು ಅನ್ನಿ. ಈಗ ಹೊದಿಕೆಯನ್ನು ನಿಜವಾಗಿ ಸುಕ್ಕುಮಾಡಿ, ಕೋಣೆ ಕತ್ತಲು ಮಾಡಿ, ಪಕ್ಕದಿಂದ ಒಂದೇ ದೀಪ ಬಿಟ್ಟು ಫೋಟೊ ತೆಗೆಯಿರಿ. ಹೀಗೆ ನೋಡಿ ಬಿಡಿಸಲು ಇಟ್ಟುಕೊಳ್ಳುವುದೇ ರೆಫರೆನ್ಸ್. ಅಂತರ್ಜಾಲದಲ್ಲಿ ಸಿಕ್ಕ ಬೇರೆಯವರ ಫೋಟೊವನ್ನು ಹಾಗೇ ನಕಲು ಮಾಡಿದರೆ ಅದರ ಹಕ್ಕು ಅವರದ್ದು. ನೀವೇ ತೆಗೆದದ್ದಾದರೆ ಆ ಚಿಂತೆ ಇಲ್ಲ, ಬೆಳಕೂ ನಿಮಗೆ ಬೇಕಾದ ಕಡೆಯಿಂದಲೇ ಬರುತ್ತದೆ.

ಫೋಟೊ ನೋಡಿ ಬಿಡಿಸುವುದು ಮೋಸ ಅಂದುಕೊಳ್ಳುವವರು ಇದ್ದಾರೆ. ಅಮೆರಿಕದ ನಾರ್ಮನ್ ರಾಕ್‌ವೆಲ್ 1916ರಿಂದ 1963ರವರೆಗೆ ಒಂದೇ ಪತ್ರಿಕೆಗೆ 300ಕ್ಕೂ ಜಾಸ್ತಿ ಮುಖಪುಟ ಬಿಡಿಸಿದವರು. ಮೊದಲು ಚಿಕ್ಕ ಕರಡು ಮಾಡುತ್ತಿದ್ದರು. ನಂತರದ ವರ್ಷಗಳಲ್ಲಿ, ಅಕ್ಕಪಕ್ಕದ ಜನರನ್ನೇ ಪಾತ್ರಗಳ ಹಾಗೆ ನಿಲ್ಲಿಸಿ ಫೋಟೊ ತೆಗೆಸುತ್ತಿದ್ದರು. ಆಮೇಲೆ ಪೂರ್ಣ ಅಳತೆಯ ಇದ್ದಿಲಿನ ಚಿತ್ರ, ಬಣ್ಣದ ಚಿಕ್ಕ ಅಭ್ಯಾಸ, ಇವೆಲ್ಲ ಆದ ಮೇಲೆ ಕ್ಯಾನ್‌ವಾಸ್. ಗಮನಿಸಿ, ಕರಡು ಮೊದಲು, ಫೋಟೊ ಆಮೇಲೆ. ಈ ಕ್ರಮ ತಿರುಗುಮುರುಗು ಮಾಡಿದರೆ ಫೋಟೊದಲ್ಲಿ ಏನಿದೆಯೋ ಅದೇ ನಿಮ್ಮ ಚಿತ್ರವಾಗಿಬಿಡುತ್ತದೆ.

ರೆಫರೆನ್ಸ್ ನೋಡಿ ವಿವರವಾಗಿ ಬಿಡಿಸಿದ ಕರಡು, ಅಂದರೆ ರಫ್, ಗಟ್ಟಿಯಾದ ತಕ್ಷಣ ಬಣ್ಣಕ್ಕೆ ಹೋಗಬೇಡಿ. ಮೂರೇ ಮೂರು ಛಾಯೆಯಲ್ಲಿ ಚಿಕ್ಕದಾಗಿ ಬಿಡಿಸಿ: ಬಿಳಿ, ನಡು ಬೂದು, ಕಪ್ಪು. ಕಣ್ಣು ಕಿರಿದು ಮಾಡಿ ನೋಡಿ. ಪುಟ್ಟ ಮನುಷ್ಯ ಕಾಣುತ್ತಾನಾ? ಕಾಣದಿದ್ದರೆ ಯಾವ ಬಣ್ಣವೂ ಅವನನ್ನು ಉಳಿಸುವುದಿಲ್ಲ. ನಮ್ಮ ಚಿತ್ರದಲ್ಲಿ ಪುಟದ ಮುಕ್ಕಾಲು ಭಾಗ ಕತ್ತಲು, ಟಾರ್ಚಿನ ಬೆಳಕು ಬಿದ್ದ ಒಂದು ಇಳಿಜಾರು ಮಾತ್ರ ಬಿಳಿ, ಮನುಷ್ಯ ಆ ಬಿಳಿಯ ಎದುರು ಕಪ್ಪಾಗಿ. ತಲೆಬರಹ ಮೇಲಿನ ಕತ್ತಲಲ್ಲಿ ಬಿಳಿ ಅಕ್ಷರದಲ್ಲಿ ಕೂರುತ್ತದೆ. ಇದು ತೀರ್ಮಾನವಾದರೆ ಅರ್ಧ ಚಿತ್ರ ಮುಗಿದ ಹಾಗೆ.

ಬಣ್ಣದ ಅಭ್ಯಾಸವೂ ಅಂಗೈ ಅಗಲದಲ್ಲೇ. ರಾತ್ರಿ ಅಂದ ತಕ್ಷಣ ನೀಲಿ ಹಿಡಿಯುತ್ತೇವೆ. ನೀಲಿಯ ಪಕ್ಕದಲ್ಲಿ ಕಂದು, ಹಸಿರುಗಪ್ಪು ಕೂಡ ಹಾಕಿ ನೋಡಿ. ಮಂಕು ಕಂದಿನ ಕತ್ತಲೆಯಲ್ಲಿ ಸ್ವಲ್ಪ ಹಳದಿ ಬೆಳಕು ಇಟ್ಟಾಗ ನನಗೆ ನಿದ್ದೆ ಬಾರದ ಕೋಣೆಯ ಉಸಿರುಕಟ್ಟು ಸಿಕ್ಕಿತು. ನೀಲಿಯಲ್ಲಿ ಅದೇ ಚಿತ್ರ ತಂಪಾಗಿ, ಚಂದವಾಗಿ ಕಂಡಿತು. ಚಂದ ಇಲ್ಲಿ ಬೇಕಿರಲಿಲ್ಲ.

7. ಫೈನಲ್

ಇಷ್ಟೆಲ್ಲ ತಯಾರಿ ಮಾಡಿದರೆ ಫೈನಲ್ ಸತ್ತುಹೋಗುವುದಿಲ್ಲವೇ? ಕರಡಿನಲ್ಲಿದ್ದ ಜೀವ ತಿದ್ದಿ ತಿದ್ದಿ ಹೋಗುವುದು ನಿಜವಾದ ಅಪಾಯ. ಬ್ರಿಟನ್ನಿನ ಚಿತ್ರಕಾರ ಕ್ವೆಂಟಿನ್ ಬ್ಲೇಕ್ ಇದಕ್ಕೆ ಕಂಡುಕೊಂಡ ದಾರಿ ನನಗೆ ತುಂಬಾ ಇಷ್ಟ. ಅವರು ಲೈಟ್‌ಬಾಕ್ಸ್ (ಕೆಳಗಿನಿಂದ ಬೆಳಕು ಬರುವ ಪೆಟ್ಟಿಗೆ) ಮೇಲೆ ಕರಡು ಇಟ್ಟು, ಅದರ ಮೇಲೆ ಜಲವರ್ಣದ ಹಾಳೆ ಇಡುತ್ತಾರೆ. ಕೆಳಗಿನ ಗೆರೆಗಳ ಮೇಲೆ ಗೆರೆ ತೀಡುವುದಿಲ್ಲ. ಎಲ್ಲಿ ಏನಿದೆ ಅನ್ನುವುದಕ್ಕೆ ಮಾತ್ರ ಅದನ್ನು ನೋಡುತ್ತಾ ಮೊದಲ ಸಲ ಬಿಡಿಸುವ ಹಾಗೆ ನಿಬ್ಬು ಓಡಿಸುತ್ತಾರೆ. ಅಷ್ಟೇ ಅಲ್ಲ, ಮುಖಭಾವ, ಕೈ ಇಂಥ ಕಷ್ಟದ ಭಾಗದಿಂದಲೇ ಶುರು ಮಾಡುತ್ತಾರೆ. ಅದು ಕೆಟ್ಟರೆ ಐದು ನಿಮಿಷದಲ್ಲೇ ಹಾಳೆ ಬದಲಾಯಿಸಬಹುದು. ಕೊನೆಗೆ ಬಿಟ್ಟು ಕೆಟ್ಟರೆ ಇಡೀ ಚಿತ್ರ ಹೋಗುತ್ತದೆ. ಡಿಜಿಟಲ್‌ನಲ್ಲೂ ನಾನು ಇದನ್ನೇ ಮಾಡುತ್ತೇನೆ. ಕರಡಿನ ಲೇಯರನ್ನು (ಒಂದರ ಮೇಲೊಂದು ಇಡುವ ಚಿತ್ರದ ಪದರ) ತೀರಾ ಮಸುಕು ಮಾಡಿ, ಗುರುತು ಸಿಗುವಷ್ಟು ಮಾತ್ರ ಇಟ್ಟುಕೊಂಡು, ಕಷ್ಟದ್ದರಿಂದ ಶುರು.

ಕಾಗದದ ಮೇಲೆ ಕೆಲಸ ಮಾಡುವವರಿಗೆ: 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ ತೂಗುವ) ಹತ್ತಿಯ ಹಾಳೆ ನೀರು ತಡೆಯುತ್ತದೆ, ತೆಳು ಹಾಳೆ ಉಬ್ಬುತ್ತದೆ. ಸ್ಕ್ಯಾನ್ ಮಾಡುವುದಿದ್ದರೆ ನುಣುಪು ಮೇಲ್ಮೈಯ ಹಾಟ್ ಪ್ರೆಸ್ ಹಾಳೆ ಒಳ್ಳೆಯದು. ಒರಟು ಹಾಳೆಯ ಪ್ರತಿ ಉಬ್ಬಿನ ನೆರಳೂ ಸ್ಕ್ಯಾನಿನಲ್ಲಿ ಬರುತ್ತದೆ. ಜಲವರ್ಣ ಒಣಗಿದಾಗ ತಿಳಿಯಾಗುತ್ತದೆ. ಗೌಶ್ ಎಂಬ ದಟ್ಟ ಜಲವರ್ಣದಲ್ಲಿ ತಿಳಿ ಬಣ್ಣ ಒಣಗಿ ಗಾಢವಾಗುತ್ತದೆ, ಗಾಢ ಬಣ್ಣ ತಿಳಿಯಾಗುತ್ತದೆ. ಹಾಗಾಗಿ ಪಕ್ಕದಲ್ಲೊಂದು ಚೂರು ಹಾಳೆ ಇಟ್ಟು, ಹಚ್ಚಿ, ಒಣಗಿಸಿ ನೋಡಿ. ಮೂಲ ಚಿತ್ರ ಮಾರುವ ಯೋಚನೆ ಇದ್ದರೆ ಬೆಳಕಿಗೆ ಮಾಸದ ಪಿಗ್ಮೆಂಟ್ ಬಣ್ಣವನ್ನೇ ಬಳಸಿ. ಡೈ ಶಾಯಿ, ಆಲ್ಕೊಹಾಲ್ ಮಾರ್ಕರ್ ಬೇಗ ಮಾಸುತ್ತವೆ.

ಡಿಜಿಟಲ್‌ನವರಿಗೆ: ಫೋಟೋಶಾಪ್, ಪ್ರೊಕ್ರಿಯೇಟ್, ಕ್ಲಿಪ್ ಸ್ಟುಡಿಯೊ ಪೇಂಟ್, ಕ್ರಿಟಾ, ಚಿತ್ರ ಬಿಡಿಸುವ ಈ ಸಾಫ್ಟ್‌ವೇರ್‌ಗಳಲ್ಲಿ ಯಾವುದಾದರೂ ಸರಿ. ಕ್ರಿಟಾ ಉಚಿತ, ಶುರುವಿಗೆ ಬೇರೇನೂ ಬೇಡ. ಬ್ರಶ್ ಸಂಗ್ರಹಿಸುವ ಚಟ ಬಿಡಿ, ನಾಲ್ಕೈದು ಸಾಕು. ಲೇಯರ್‌ಗಳಿಗೆ ಹೆಸರಿಡಿ. ಮನುಷ್ಯ, ಬೆಳಕು, ಹೊದಿಕೆ, ಹಿನ್ನೆಲೆ ಬೇರೆ ಬೇರೆ ಇರಲಿ. ಮನುಷ್ಯನನ್ನು ಸ್ವಲ್ಪ ಎಡಕ್ಕೆ ಸರಿಸಿ ಅಂತ ನಾಳೆ ಮೇಲ್ ಬರುವುದು ಖಂಡಿತ.

8. ಅಳತೆ, ಬಣ್ಣ, ಫೈಲ್

ಕ್ಯಾನ್‌ವಾಸ್ ತೆರೆಯುವ ಮೊದಲೇ ಇದು ಗೊತ್ತಿರಬೇಕು. ಮುದ್ರಣಕ್ಕೆ ಅಂತಿಮ ಅಳತೆಯಲ್ಲಿ 300 ಡಿಪಿಐ (ಒಂದು ಇಂಚಿನಲ್ಲಿರುವ ಚುಕ್ಕಿಗಳ ಲೆಕ್ಕ). ಶುದ್ಧ ಕಪ್ಪು–ಬಿಳುಪು ಗೆರೆಚಿತ್ರಕ್ಕೆ 600ರಿಂದ 1200. ಎ4 ಪುಟ 210×297 ಮಿಲಿಮೀಟರ್, 300 ಡಿಪಿಐನಲ್ಲಿ 2480×3508 ಪಿಕ್ಸೆಲ್. ಕಾಗದ ಕತ್ತರಿಸುವಾಗ ಯಂತ್ರ ಕೂದಲೆಳೆ ಅತ್ತಿತ್ತ ಆಗುತ್ತದೆ, ಆದ್ದರಿಂದ ಸುತ್ತಲೂ ಸಾಮಾನ್ಯವಾಗಿ 3 ಮಿಲಿಮೀಟರ್ ಬ್ಲೀಡ್ ಇರಬೇಕು, ಅಂದರೆ ಕತ್ತರಿಸಿ ಹೋಗುವಷ್ಟು ಚಿತ್ರವನ್ನು ಅಂಚಿನಾಚೆಗೂ ಬಿಡಿಸಬೇಕು. ಆಗ ಕ್ಯಾನ್‌ವಾಸ್ 216×303 ಮಿಲಿಮೀಟರ್, ಅಂದರೆ ಸುಮಾರು 2551×3579 ಪಿಕ್ಸೆಲ್. ಮುಖ್ಯವಾದದ್ದನ್ನು ಅಂಚಿನಿಂದ ಇನ್ನೂ ಒಳಗೆ ಇಡಿ. ಚಿಕ್ಕದಾಗಿ ಬಿಡಿಸಿ ಆಮೇಲೆ ಹಿಗ್ಗಿಸಿದರೆ ಚಿತ್ರ ಮಸುಕಾಗುತ್ತದೆ. ದೊಡ್ಡದನ್ನು ಕುಗ್ಗಿಸಬಹುದು.

ಪರದೆಯ ಆರ್‌ಜಿಬಿ (ಕೆಂಪು, ಹಸಿರು, ನೀಲಿ ಬೆಳಕಿನ) ಬಣ್ಣಗಳೆಲ್ಲ ಮುದ್ರಣದ ಸಿಎಂವೈಕೆ (ಸಯಾನ್, ಮಜೆಂಟಾ, ಹಳದಿ, ಕಪ್ಪು) ಶಾಯಿಯಲ್ಲಿ ಬರುವುದಿಲ್ಲ. ಹೊಳೆಯುವ ನೀಲಿ ನೇರಳೆಯತ್ತ ವಾಲುತ್ತದೆ, ಮಿನುಗುವ ಹಸಿರು ಮಂಕಾಗುತ್ತದೆ. ಮುದ್ರಕರು ಯಾವ ಬಣ್ಣದ ಪ್ರೊಫೈಲ್ (ಅವರ ಮುದ್ರಣದಲ್ಲಿ ಬಣ್ಣ ಹೇಗೆ ಬರುತ್ತದೆ ಅಂತ ಹೇಳುವ ಫೈಲ್) ಬಳಸುತ್ತಾರೆ ಅಂತ ಕೇಳಿ, ಸಾಫ್ಟ್‌ವೇರ್‌ನಲ್ಲಿ ಅದರ ಮುನ್ನೋಟ ಹಾಕಿಕೊಂಡು ಬಿಡಿಸಿ. ನಮ್ಮ ಬೆಟ್ಟದ ಚಿತ್ರದಂಥ ಕತ್ತಲೆಯ ಚಿತ್ರಗಳಿಗೆ ಇನ್ನೊಂದು ತೊಂದರೆ ಇದೆ. ಪರದೆ ತಾನೇ ಬೆಳಗುತ್ತದೆ, ಕಾಗದ ಬೆಳಗುವುದಿಲ್ಲ. ಪರದೆಯ ಬೆಳಕು ಜಾಸ್ತಿ ಇಟ್ಟು ಬಿಡಿಸಿದರೆ ಅಚ್ಚಿನಲ್ಲಿ ಎಲ್ಲ ಕಪ್ಪು ಮುದ್ದೆ. ಪಕ್ಕದಲ್ಲಿ ಒಂದು ಬಿಳಿ ಹಾಳೆ ಹಿಡಿದು, ಪರದೆಯ ಬಿಳಿ ಅದಕ್ಕೆ ಹತ್ತಿರ ಬರುವವರೆಗೆ ಬೆಳಕು ಇಳಿಸಿ.

ತೆಳು ಕಪ್ಪು ಗೆರೆಗಳು ಒಂದೇ ಕಪ್ಪು ಶಾಯಿಯಲ್ಲಿ ಇರಲಿ. ನಾಲ್ಕು ಶಾಯಿ ಸೇರಿ ಆದ ಗೆರೆ ಮುದ್ರಣದಲ್ಲಿ ಸ್ವಲ್ಪ ಸರಿದರೂ ಅಂಚಿನಲ್ಲಿ ಬಣ್ಣದ ನೆರಳು ಕಾಣುತ್ತದೆ. ಕಳಿಸುವುದು ಟಿಫ್ (ಗುಣಮಟ್ಟ ಉಳಿಸುವ ಫೈಲ್) ಅಥವಾ ಅವರು ಕೇಳಿದ ರೂಪದಲ್ಲಿ. ಕೆಲಸದ ಫೈಲನ್ನು ಜೆಪೆಗ್‌ನಲ್ಲಿ ಉಳಿಸುತ್ತಾ ಹೋಗಬೇಡಿ, ಪ್ರತಿ ಸಲ ಉಳಿಸಿದಾಗಲೂ ಗುಣಮಟ್ಟ ಸ್ವಲ್ಪ ಸ್ವಲ್ಪ ಹೋಗುತ್ತದೆ.

ಚಿತ್ರಪುಸ್ತಕವಾದರೆ ಸಾಮಾನ್ಯವಾಗಿ 32 ಪುಟ. ದೊಡ್ಡ ಹಾಳೆ ಮಡಚಿದಾಗ 8, 16ರ ಗುಣಕದಲ್ಲಿ ಪುಟ ಬರುವುದರಿಂದ ಈ ಲೆಕ್ಕ. ಶೀರ್ಷಿಕೆ, ಹಕ್ಕುಗಳ ಪುಟ ಕಳೆದರೆ ಕಥೆಗೆ ಸಿಗುವುದು 12ರಿಂದ 14 ಜೋಡಿಪುಟ. ಒಂದೇ ಹಾಳೆಯ ಮೇಲೆ ಎಲ್ಲ ಜೋಡಿಪುಟಗಳ ಥಂಬ್‌ನೇಲ್ ಹಾಕಿ. ಆಮೇಲೆ ಕಾಗದ ಮಡಚಿ, ಹೊಲಿದು, ಸುಳ್ಳು ಪುಸ್ತಕ ಮಾಡಿ ನಿಜವಾಗಿ ಪುಟ ತಿರುವಿ. ಯಾವ ಮುಖ ಮಡಿಕೆಯೊಳಗೆ ಹೋಗುತ್ತದೆ, ಯಾವ ಗುಟ್ಟು ಪುಟ ತಿರುವುವ ಮೊದಲೇ ಬಯಲಾಗುತ್ತದೆ, ಎರಡೂ ಕೈಗೆ ಸಿಗುತ್ತವೆ.

9. ತಿದ್ದುಪಡಿ ಬಂದಾಗ

‘ಏನೋ ಸರಿಯಿಲ್ಲ, ಸ್ವಲ್ಪ ಲವಲವಿಕೆ ಬೇಕು’ ಅಂತ ಬಂದರೆ ತಕ್ಷಣ ತಿದ್ದಲು ಕೂರಬೇಡಿ. ಅವರು ಕೊಡುವ ಪರಿಹಾರದ ಹಿಂದೆ ಒಂದು ತೊಂದರೆ ಇರುತ್ತದೆ, ಅದನ್ನು ಕೇಳಿ. ‘ಟಾರ್ಚ್ ದೊಡ್ಡದು ಮಾಡಿ’ ಅಂದರೆ ಬಹುಶಃ ‘ಮನುಷ್ಯ ಬೇಗ ಕಾಣುತ್ತಿಲ್ಲ’ ಅಂತ ಅರ್ಥ. ಆಗ ಟಾರ್ಚ್ ಮುಟ್ಟದೆ ಅವನ ಹಿಂದಿನ ಬೆಳಕು ಹೆಚ್ಚಿಸಿದರೆ ಸಾಕಾಗಬಹುದು. ಒಪ್ಪಿದ ಕರಡನ್ನೇ ಬದಲಾಯಿಸಲು ಕೇಳಿದರೆ, ಅದು ಹೊಸ ಕೆಲಸ, ಇಷ್ಟು ದಿನ, ಇಷ್ಟು ಹಣ ಅಂತ ಮೃದುವಾಗಿ ಬರೆಯಿರಿ. ನಾಲ್ಕನೇ ಹಂತದಲ್ಲಿ ಬರೆಸಿಕೊಂಡ ಸಾಲು ಇಲ್ಲಿ ಕೆಲಸಕ್ಕೆ ಬರುತ್ತದೆ. ಫೋನಿನಲ್ಲಿ ಹೇಳಿದ ತಿದ್ದುಪಡಿಯನ್ನು ಮೇಲ್‌ನಲ್ಲಿ ಬರೆದು ಒಪ್ಪಿಗೆ ಪಡೆಯಿರಿ.

10. ಉಳಿಸಿಡುವುದು: ಚಿತ್ರ ಮತ್ತು ಮೈ

1943ರಲ್ಲಿ ರಾಕ್‌ವೆಲ್‌ ಅವರ ಸ್ಟುಡಿಯೊಗೆ ಬೆಂಕಿ ಬಿತ್ತು. ಚಿತ್ರಗಳು, ವರ್ಷಗಳಿಂದ ಕೂಡಿಸಿದ ಉಡುಪು, ಸಾಮಗ್ರಿ ಸುಟ್ಟುಹೋದವು. ನಮಗೆ ಅವರಿಗಿಲ್ಲದ ಅನುಕೂಲ ಇದೆ. ಪ್ರತಿ ಕೆಲಸದ ಮೂರು ಪ್ರತಿ ಇಡಿ, ಎರಡು ಬೇರೆ ಬೇರೆ ಸಾಧನಗಳಲ್ಲಿ, ಒಂದು ಮನೆಯಿಂದ ಹೊರಗೆ. ಕ್ಲೌಡ್ ಆದರೂ ಸರಿ. ಕಾಗದದ ಮೂಲಚಿತ್ರವನ್ನು ಕಳಿಸುವ ಮೊದಲು ಸ್ಕ್ಯಾನ್ ಮಾಡಿ. ಫೈಲಿಗೆ ದಿನಾಂಕ, ಕೆಲಸದ ಹೆಸರು, ಎಷ್ಟನೇ ಆವೃತ್ತಿ ಅಂತ ಹೆಸರಿಡಿ. ‘ಫೈನಲ್ ಹೊಸದು 2’ ಅಂತ ಇಟ್ಟರೆ ಮೂರು ವರ್ಷದ ನಂತರ ಮರುಮುದ್ರಣಕ್ಕೆ ಕೇಳಿದಾಗ ಯಾವುದು ಕಳಿಸಬೇಕು ಅಂತ ತಿಳಿಯುವುದಿಲ್ಲ.

ಮೈಯ ಮಾತು ಕಡಿಮೆಯಲ್ಲ. ಬೆರಳಿನಿಂದಲೇ ಎಲ್ಲ ಗೆರೆ ಎಳೆದರೆ ಮಣಿಕಟ್ಟು ಸೋಲುತ್ತದೆ. ಉದ್ದ ಗೆರೆಗಳಿಗೆ ಭುಜ ಬಳಸಿ. 20 ನಿಮಿಷಕ್ಕೊಮ್ಮೆ 20 ಅಡಿ ದೂರದ ವಸ್ತುವನ್ನು 20 ಸೆಕೆಂಡ್ ನೋಡಿ. ಕೈ ಜೋಮು ಹಿಡಿದರೆ, ನೋವು ರಾತ್ರಿಯೂ ಉಳಿದರೆ ಗಡುವು ಮುಗಿಯಲಿ ಅಂತ ಕಾಯಬೇಡಿ, ವೈದ್ಯರ ಹತ್ತಿರ ಹೋಗಿ. ನೋವು ಶುರುವಿನಲ್ಲಿ ಮಾತು ಕೇಳುತ್ತದೆ, ಬೇರೂರಿದ ಮೇಲೆ ಕೇಳುವುದಿಲ್ಲ.

11. ಕಳಿಸಿದ ಮರುದಿನ

ಬಿಲ್ ಅದೇ ದಿನ ಕಳಿಸಿ, ಹಣ ಬರಬೇಕಾದ ದಿನಾಂಕ ಅದರಲ್ಲೇ ಬರೆಯಿರಿ. ಅಂದಾಜಿಸಿದ ದಿನ ಎಷ್ಟು, ನಿಜಕ್ಕೂ ಹಿಡಿದ ದಿನ ಎಷ್ಟು, ಅದನ್ನು ಬರೆದಿಡಿ. ಹತ್ತು ಕೆಲಸ ಆದ ಮೇಲೆ ನಿಮ್ಮ ಅಂದಾಜು ಎಲ್ಲಿ ತಪ್ಪುತ್ತದೆ ಅಂತ ಗೊತ್ತಾಗುತ್ತದೆ. ನನ್ನದು ಯಾವಾಗಲೂ ಬಣ್ಣದ ಹಂತದಲ್ಲಿ ತಪ್ಪುತ್ತಿತ್ತು, ಈಗ ಅಲ್ಲಿ ಒಂದು ದಿನ ಜಾಸ್ತಿ ಹಾಕಿಕೊಳ್ಳುತ್ತೇನೆ.

ಆಮೇಲೆ ಆಯ್ಕೆಯಾಗದೆ ಉಳಿದ ಕರಡುಗಳನ್ನು ಮೇಜಿನ ಮೇಲೆ ಹರಡಿ. ನಿಮ್ಮ ಒಪ್ಪಂದ ಬಿಡುವುದಾದರೆ ಅವು ನಿಮ್ಮವೇ. ಅದರಲ್ಲಿ ಒಂದಾದರೂ ಇನ್ನೂ ಕೈ ಹಿಡಿದು ಎಳೆಯುತ್ತಿರುತ್ತದೆ. ಬಿಡುವಿದ್ದಾಗ ಅದನ್ನು ನಿಮಗಾಗಿ ಬಿಡಿಸಿ, ಪೋರ್ಟ್‌ಫೋಲಿಯೊಗೆ ಮುಂದಿನ ಚಿತ್ರ ಅದೇ ಆಗಬಹುದು. ದಿಂಬಿನ ದೋಣಿಯಲ್ಲಿ ಹುಟ್ಟು ಹಾಕುವ ಆ ಹೆಂಗಸು ಈಗ ನನ್ನ ಮೇಜಿನ ಮೇಲಿದ್ದಾಳೆ. ಅವಳನ್ನು ಜೋಡಿಪುಟದಷ್ಟು ಅಗಲವಾಗಿ ಬಿಡಿಸುವ ಆಸೆ ಇದೆ. ಪುಟ್ಟ ಚೌಕದ ನಡುವೆ ಗೆರೆ ಎಳೆದು, ಅವಳನ್ನು ಎಡಕ್ಕೆ ಸರಿಸಿ ಕೂರಿಸಿದ್ದೇನೆ.